ಗೋಲಿನ ಹಿಂದಿನ ಕೂಗು

“ಬುದ್ಧೀ, ಆ ಊರಿನಲ್ಲಿ ನಾನು ಯಾರ ಮಾತು ನಂಬಲಿ?”

ಮರುಳಯ್ಯ ಈ ಪ್ರಶ್ನೆಯನ್ನು ಮೂರು ದಿನದಿಂದ ನಾಲಗೆಯ ತುದಿಯಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ. ಮರುದಿನ ಬೆಳಗ್ಗೆ ಅವನು ಮಠ ಬಿಡಬೇಕಿತ್ತು. ದೂರದ ವ್ಯಾಪಾರದ ಪಟ್ಟಣವೊಂದರಲ್ಲಿ ಮಠದ ಶಾಖೆ ತೆರೆದಿತ್ತು. ಅದನ್ನು ನೋಡಿಕೊಳ್ಳಲು ಗುರುಗಳು ಅವನನ್ನೇ ಆರಿಸಿದ್ದರು. ಅಲ್ಲಿ ಕೈಮುಗಿದು ಬರುವ ಪ್ರತಿಯೊಬ್ಬನಿಗೂ ತನ್ನದೊಂದು ಕೆಲಸ ಆಗಬೇಕಿರುತ್ತದೆ ಎಂದು ಹೋಗಿಬಂದವರು ಹೇಳಿದ್ದರು. ಮರುಳಯ್ಯನಿಗೆ ಭಯವಾಗಿತ್ತು.

ಹನ್ನೆರಡು ವರ್ಷ ಅವನು ಗುರುಗಳನ್ನು ಕೇಳದೆ ಏನನ್ನೂ ಮಾಡಿದವನಲ್ಲ. ಅವರು ಒಂದು ಮಾತು ಹೇಳಿದರೆ ಆಯಿತು, ಎರಡನೆಯ ಮಾತಿಲ್ಲದೆ ಹೊರಟುಬಿಡುತ್ತಿದ್ದ. ಹಿಂದಿನ ವರ್ಷದ ದಾಸೋಹಕ್ಕೆ ಇನ್ನೂರು ಎಲೆಗೆ ಅಡುಗೆಯಾಗಲಿ ಎಂದಿದ್ದರು. ಬಂದವರು ನಾನೂರು ಜನ. ಮರುಳಯ್ಯ ಅಕ್ಕಿಗಾಗಿ ಓಣಿ ಓಣಿ ಓಡಿದ, ಸಾರಿಗೆ ನೀರು ಬೆರೆಸಿದ, ಕೊನೆಯ ಪಂಕ್ತಿಗೆ ತಾನೇ ನಿಂತು ಬಡಿಸಿದ. ಒಬ್ಬರೂ ಹಸಿದು ಹೋಗಲಿಲ್ಲ. ಬುದ್ಧಿಯವರು ಹೇಳಿದ ಮೇಲೆ ಕಡಿಮೆ ಬೀಳುವುದುಂಟೇ ಎಂದು ಅವನು ಆಮೇಲೆ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದ.

ಗುರುಗಳು ಜಗಲಿಯ ಮೇಲೆ ಕೂತು ಮುತ್ತುಗದ ಎಲೆಗಳಿಗೆ ಕಡ್ಡಿ ಚುಚ್ಚಿ ಊಟದ ಎಲೆ ಹಚ್ಚುತ್ತಿದ್ದರು. ಪ್ರಶ್ನೆ ಕೇಳಿದರೂ ತಲೆ ಎತ್ತಲಿಲ್ಲ.

“ನಿನಗೆ ಫುಟ್‌ಬಾಲ್ ಗೊತ್ತೇನೋ?” ಎಂದರು.

ಮರುಳಯ್ಯ ಬೆಪ್ಪಾದ. ಮಠದ ಜಗಲಿಯಲ್ಲಿ ಈ ಮಾತು ಬರುತ್ತದೆಂದು ಅವನು ಎಣಿಸಿರಲಿಲ್ಲ. ಗೊತ್ತು ಎಂದರೆ ತಪ್ಪಾದೀತು, ಗೊತ್ತಿಲ್ಲ ಎಂದರೆ ಸುಳ್ಳಾದೀತು ಎಂದು ಅಳೆದು ಸುರಿದು, “ಅಷ್ಟಿಷ್ಟು ಗೊತ್ತು, ಬುದ್ಧೀ” ಎಂದ.

“ಅಷ್ಟು ಸಾಕು” ಎಂದು ಗುರುಗಳು ಹೇಳತೊಡಗಿದರು.

ಒಂದು ಮಗ್ಗದ ಊರು. ಆ ಊರಿಗೆ ಒಂದು ಫುಟ್‌ಬಾಲ್ ತಂಡ. ಹವ್ಯಾಸಕ್ಕೆ ಆಡುವವರಲ್ಲ, ಅದೇ ಕಸುಬಿನವರು. ಆ ತಂಡದಲ್ಲಿ ಒಬ್ಬ ಗೋಲ್‌ಕೀಪರ್ ಇದ್ದ.

ಇಡೀ ದಿನ ಮಗ್ಗದ ಸದ್ದಿನ ನಡುವೆ ಮಾತಾಡಿ ಮಾತಾಡಿ ಆ ಊರಿನವರಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತಿತ್ತು. ಆಟದ ದಿನ ಅವರೆಲ್ಲ ಗೋಲಿನ ಹಿಂದೆ ಕೂರುತ್ತಿದ್ದರು. ಎದುರಾಳಿ ಚೆಂಡು ಒದೆಯಲು ಕಾಲೆತ್ತಿದರೆ ಸಾಕು, ಹಿಂದಿನಿಂದ “ಎಡಾ” ಎಂದೋ “ಬಲಾ” ಎಂದೋ ಕೂಗು ಏಳುತ್ತಿತ್ತು. ಗೋಲ್‌ಕೀಪರ್ ಮುಖ ಮಾಡಿದ ಕಡೆಗೇ ಅವರೂ ಮುಖ ಮಾಡಿ ಕೂತಿರುತ್ತಿದ್ದುದರಿಂದ ಅವರ ಎಡವೇ ಅವನ ಎಡ. ಎಲ್ಲರಿಗಿಂತ ಮೊದಲು ಕೂಗುತ್ತಿದ್ದವನು ಒಬ್ಬ ಮುದುಕ ನೇಕಾರ. ಆ ಕೂಗು ಕಿವಿಗೆ ಬಿದ್ದದ್ದೇ ತಡ, ಗೋಲ್‌ಕೀಪರ್ ಹಾರುತ್ತಿದ್ದ. ಹತ್ತು ಚೆಂಡಿನಲ್ಲಿ ಎಂಟು ಅವನ ಕೈಗೆ ಸಿಗುತ್ತಿದ್ದವು.

ಯಾರಾದರೂ ಹೊಗಳಿದರೆ, “ನನ್ನದೇನಿದೆ? ನೋಡುವವರು ಅವರು, ಹಾರುವವನು ನಾನು” ಎನ್ನುತ್ತಿದ್ದ. ಅದು ಬಾಯಿಮಾತಿನ ವಿನಯವಲ್ಲ. ಅವನು ನಿಜಕ್ಕೂ ಹಾಗೆಯೇ ನಂಬಿದ್ದ.

ಹೀಗಿರುವಾಗ ಜೂಜಿನ ಪಟ್ಟಣವೊಂದರ ದೊಡ್ಡ ಮನುಷ್ಯರು ತಂಡದ ಧಣಿಯನ್ನು ಕರೆಸಿಕೊಂಡರು. ನಮ್ಮಲ್ಲಿ ಎಲ್ಲವೂ ಇದೆ, ತಂಡವೊಂದಿಲ್ಲ. ನಿಮ್ಮ ತಂಡವನ್ನು ಇಲ್ಲಿಗೆ ತನ್ನಿ, ಬಿಸಿಲು ತಾಗದಂಥ ಮೈದಾನ ಕಟ್ಟಿಕೊಡುತ್ತೇವೆ ಎಂದರು. ಧಣಿ ಒಪ್ಪಿಬಿಟ್ಟ. ಒಂದು ಸೋಮವಾರ ಬಲೆ, ಬೂಟು, ಬಾವುಟ, ಆಟಗಾರರು ಎಲ್ಲ ಒಂದೇ ಲಾರಿ ಹತ್ತಿದವು. ಊರಿನವರು ಮಗ್ಗ ನಿಲ್ಲಿಸಿ ರಸ್ತೆಗೆ ಬಂದು ನಿಂತರು. ಅವತ್ತು ಆ ಊರಿನಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ.

ಹೊಸ ಪಟ್ಟಣದಲ್ಲಿ ಬಾಜಿ ಕಟ್ಟುವುದು ಎಲೆ ಅಡಿಕೆ ಹಾಕಿಕೊಂಡಷ್ಟು ಸಹಜವಾಗಿತ್ತು. ಗೋಡೆಯ ಮೇಲೆ ಎರಡು ಹಲ್ಲಿ ಕಂಡರೆ ಯಾವುದು ಮೊದಲು ಹುಳು ಹಿಡಿಯುತ್ತದೆ ಎಂದು ಬಾಜಿ. ಮದುವೆಮನೆಯಲ್ಲಿ ಮುಹೂರ್ತ ತಪ್ಪುತ್ತದೋ ಇಲ್ಲವೋ ಎಂದು ಬಾಜಿ. ಅದರಲ್ಲಿ ಪುರೋಹಿತರೂ ಸೇರಿರುತ್ತಿದ್ದರು. ಗೋಲ್‌ಕೀಪರ್ ಇದನ್ನೆಲ್ಲ ನೋಡಿ ಮೂಗು ಮುರಿಯಲಿಲ್ಲ. ಅವನು ಸ್ವಭಾವದಲ್ಲೇ ಕುತೂಹಲದವನು. ಹೋಟೆಲಿನ ಮೂಲೆಯಲ್ಲಿ ಕೂತು, ಕಾಫಿ ಆರಿದರೂ ಪರಿವೆಯಿಲ್ಲದೆ ಆ ಜನರನ್ನೇ ನೋಡುತ್ತಿದ್ದ. ಇವರಿಗೆ ಹಲ್ಲಿಯ ಮೇಲೂ ಇಷ್ಟು ಆಸ್ಥೆ ಇದೆಯಲ್ಲ, ನಮ್ಮ ಆಟದ ಮೇಲೆ ಇನ್ನೆಷ್ಟಿರಬೇಡ ಎಂದು ಹಿಗ್ಗಿದ.

ಮೊದಲ ಆಟ ಬಂತು. ಗೋಲಿನ ಹಿಂದೆ ಹತ್ತು ಸಾವಿರ ಜನ. ಇವರು ಹೇಗೆ ಕೂಗುತ್ತಾರೋ ಎಂದು ಅವನ ಗಮನವೆಲ್ಲ ಹಿಂದೆಯೇ ಇತ್ತು. ಎದುರಾಳಿ ಕಾಲೆತ್ತಿದ. ಹಿಂದಿನಿಂದ “ಎಡಾ” ಎಂಬ ಕೂಗು ಬಂತು. ಅವನು ಎಡಕ್ಕೆ ಹಾರಿದ. ಚೆಂಡು ಬಲಕ್ಕೆ ಬಂದು ಬಲೆ ಸೇರಿತು. ಎರಡನೆಯ ಸಲ “ಬಲಾ” ಎಂದರು. ಚೆಂಡು ಎಡಕ್ಕೆ ಹೋಯಿತು.

ಆಟ ಮುಗಿದ ಮೇಲೆ ರೇಷ್ಮೆ ಅಂಗಿಯ ಒಬ್ಬ ವ್ಯಾಪಾರಿ ಸಿಹಿಯ ಡಬ್ಬ ಹಿಡಿದು ಬಾಗಿಲಲ್ಲಿ ಕಾದು ನಿಂತಿದ್ದ.

“ತಪ್ಪು ತಿಳ್ಕೋಬೇಡಿ ಸ್ವಾಮಿ” ಎಂದ. “ನಿಮ್ಮ ಬಲಗಡೆ ಗೋಲಾಗುತ್ತೆ ಅಂತ ನಾನು ಬಾಜಿ ಚೀಟಿ ಕಟ್ಟಿದ್ದೆ. ಅದಕ್ಕೇ ನಿಮಗೆ ಎಡ ಅಂತ ಕೂಗ್ದೆ. ಮೈಸೂರುಪಾಕು ತಗೊಳ್ಳಿ.”

ಗೋಲ್‌ಕೀಪರ್ ಒಂದು ತುಂಡು ತೆಗೆದುಕೊಂಡ. ಅವನಿಗೆ ಆ ಮನುಷ್ಯನ ಮೇಲೆ ಸಿಟ್ಟೂ ಬರಲಿಲ್ಲ. ಇಷ್ಟು ಮರ್ಯಾದೆಯಿಂದ ಸುಳ್ಳು ಹೇಳುವವನನ್ನು ಅವನು ಅದುವರೆಗೆ ಕಂಡಿರಲಿಲ್ಲ.

ಅವತ್ತಿನಿಂದ ಅವನಿಗೊಂದು ಯೋಚನೆ ಹತ್ತಿಕೊಂಡಿತು. ಹತ್ತು ಸಾವಿರದಲ್ಲಿ ನಮ್ಮ ತಂಡದ ಮೇಲೆ ಕಟ್ಟಿದವರೂ ಇರುತ್ತಾರಲ್ಲ, ಅವರು ನಿಜವನ್ನೇ ಕೂಗುತ್ತಾರೆ. ಅಂಥವರು ಯಾರೆಂದು ಕಂಡುಹಿಡಿದರೆ ಸಾಕು ಎಂದುಕೊಂಡ. ಕೂಗು ಬಂದಾಗಲೆಲ್ಲ ತಿರುಗಿ ಮುಖ ನೋಡಲು ಶುರು ಮಾಡಿದ. ಒಬ್ಬ ಬೋಳುತಲೆಯವನು ಮೂರು ಆಟದಲ್ಲಿ ನಿಜ ಹೇಳಿದ. ಗೋಲ್‌ಕೀಪರ್ ಅವನನ್ನು ಮನಸ್ಸಿನಲ್ಲಿ ಗುರುತು ಮಾಡಿಟ್ಟುಕೊಂಡ. ನಾಲ್ಕನೆಯ ಆಟದ ನಡುವೆ ಬೋಳುತಲೆಯವನು ಚೀಟಿ ಬದಲಾಯಿಸಿದ್ದ. ಇನ್ನೊಬ್ಬಳು ಹಣ್ಣಿನ ವ್ಯಾಪಾರದ ಹೆಂಗಸು, ಮುಖ ನೋಡಿದರೆ ದೇವರಂಥವಳು. ಅವಳನ್ನು ನಂಬಿ ಎರಡು ಗೋಲು ಬಿಟ್ಟುಕೊಟ್ಟ. ಯಾರ ಮುಖದಲ್ಲಿ ನಿಜವಿದೆ ಎಂದು ಓದುವುದರಲ್ಲಿ ಅವನು ದಿನದಿನಕ್ಕೆ ಪಳಗುತ್ತಾ ಹೋದ. ಹತ್ತು ಚೆಂಡಿನಲ್ಲಿ ಎರಡನ್ನು ಹಿಡಿಯುವ ಮಟ್ಟಕ್ಕೆ ಬಂದ.

ತಂಡದ ತರಬೇತುದಾರ ಕರೆದು, “ಇನ್ನು ಎರಡು ಆಟ ನೋಡ್ತೀನಿ. ಆಮೇಲೆ ಬೇರೆಯವನನ್ನ ನಿಲ್ಲಿಸ್ತೀನಿ” ಎಂದ.

ಮೀಸೆ ಮೂಡುವ ಮೊದಲಿನಿಂದ ಗೋಲ್‌ಕೀಪರ್ ಕಲಿತದ್ದು ಆ ಎರಡು ಕಂಬದ ನಡುವೆ ನಿಲ್ಲುವುದನ್ನು ಮಾತ್ರ. ಅಲ್ಲಿಂದ ಆಚೆಗೆ ತಾನು ಯಾರೆಂಬುದು ಅವನಿಗೇ ತಿಳಿಯದು. ಕೊನೆಗೆ ಮಗ್ಗದ ಊರಿನ ಮುದುಕ ನೇಕಾರನಿಗೆ ಒಂದು ಕಾಗದ ಬರೆದ. ನೀವೊಬ್ಬರು ಬಂದು ಹಿಂದೆ ಕೂತರೆ ನಾನು ಉಳಿದುಕೊಳ್ಳುತ್ತೇನೆ ಎಂದು ಅದರಲ್ಲಿತ್ತು.

ಮುದುಕ ಚಕ್ಕುಲಿ ಡಬ್ಬ ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿಳಿದ. ನೇರ ಮೈದಾನಕ್ಕೆ ಬಂದು ಗೋಲಿನ ಹಿಂದೆ ಕೂತ.

ಆಟ ಶುರುವಾಯಿತು. ಎದುರಾಳಿ ಕಾಲೆತ್ತಿದ. ಹತ್ತು ಸಾವಿರ ಗಂಟಲುಗಳ ನಡುವಿನಿಂದ, ಮಗ್ಗದ ಸದ್ದನ್ನು ಸೀಳಿ ಪಳಗಿದ ಆ ಒಂದು ಗಂಟಲು “ಎಡಾ” ಎಂದಿತು. ಗೋಲ್‌ಕೀಪರನ ಜೀವ ತಣ್ಣಗಾಯಿತು. ಆದರೂ ಕೂಗಿದ್ದು ಮುದುಕನೇ ಹೌದೇ ಎಂದು ಒಮ್ಮೆ ತಿರುಗಿ ನೋಡಿದ. ಅವನೇ. ಎಡಕ್ಕೆ ಹಾರಿದ. ಚೆಂಡು ಬಲಕ್ಕೆ ಹೋಗಿ ಆಗಿತ್ತು. ಎರಡನೆಯ ಸಲ ಮುದುಕ ಹೇಳಿದ ಕಡೆಗೇ ಚೆಂಡು ಬಂತು. ಆದರೆ ಇವನು ತಿರುಗಿ ನೋಡಿ ಹಾರುವಷ್ಟರಲ್ಲಿ ಬಲೆ ಅಲುಗುತ್ತಿತ್ತು. ಮೂರನೆಯ ಸಲ ಮುದುಕನ ಮಾತು ಮತ್ತೆ ತಪ್ಪಿತು. ಮೂರು ಗೋಲಿನಿಂದ ತಂಡ ಸೋತಿತು.

ಆಟ ಮುಗಿದ ಮೇಲೆ ಮುದುಕ ಅಲ್ಲೇ ಕೂತು ಚಕ್ಕುಲಿ ಮುರಿಯುತ್ತಿದ್ದ. ಗೋಲ್‌ಕೀಪರ್ ಎದುರಿಗೆ ಹೋಗಿ ನಿಂತ. ಕೇಳಬಾರದೆಂದುಕೊಂಡದ್ದು ಬಾಯಿಂದ ಬಂದೇಬಿಟ್ಟಿತು.

“ಅಜ್ಜಾ, ನೀವೂ ಚೀಟಿ ಕಟ್ಟಿದ್ರಾ?”

ಮುದುಕ ಬೇಸರ ಮಾಡಿಕೊಳ್ಳಲಿಲ್ಲ. “ಇಲ್ಲಪ್ಪಾ. ನನ್ನ ಕಣ್ಣಿಗೆ ಹಂಗೆ ಕಾಣ್ತು, ಹಂಗೆ ಕೂಗ್ದೆ. ಊರಲ್ಲೂ ನಾನು ಕೂಗ್ತಿದ್ದದ್ದು ಅರ್ಧಕ್ಕರ್ಧ ತಪ್ಪೇ ಆಗಿರ್ತಿತ್ತು. ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ.”

“ಮತ್ತೆ ಅಲ್ಲಿ ನಾನು ಹಿಡೀತಿದ್ದದ್ದು ಹೇಗೆ?”

“ಅದು ನಂಗೇನು ಗೊತ್ತು? ನಾನು ನೇಯೋನು. ಹದಿನೈದು ವರ್ಷ ನಿನ್ನ ಬೆನ್ನು ನೋಡ್ಕೊಂಡು ಕೂತೋನು ನಾನು. ಆಟ ನಡೀತಿರೋವಾಗ ನಿನ್ನ ಮುಖ ನೋಡಿದ್ದು ಇವತ್ತೇ ಮೊದಲು. ಮೂರು ಸಲ ನೋಡ್ದೆ.”

ಗೋಲ್‌ಕೀಪರ್ ಮುದುಕನ ಪಕ್ಕದಲ್ಲಿ ಕೂತ. ಆಮೇಲೆ ಮೆಲ್ಲಗೆ, “ಅರ್ಧ ತಪ್ಪು ಅಂತ ಗೊತ್ತಿದ್ದೂ ಯಾಕೆ ಕೂಗ್ತಿದ್ರಿ?” ಎಂದು ಕೇಳಿದ.

“ಉಳಿದ ಹತ್ತು ಜನ ಒಟ್ಟಿಗೆ ಓಡಾಡ್ಕೊಂಡಿರ್ತಾರೆ. ನೀನೊಬ್ಬನೇ ಅಲ್ಲಿ ನಿಂತಿರ್ತೀಯ. ಹಿಂದೆ ಯಾರೋ ಇದ್ದಾರೆ ಅಂತ ತಿಳೀಲಿ ಅಂತ” ಎಂದು ಮುದುಕ ಅವನ ಕೈಗೊಂದು ಚಕ್ಕುಲಿ ಕೊಟ್ಟ.

ಉಳಿದದ್ದು ಒಂದೇ ಆಟ. ಆ ದಿನ ಮುದುಕ ಅದೇ ಜಾಗದಲ್ಲಿ ಕೂತ, ರೇಷ್ಮೆ ಅಂಗಿಯ ವ್ಯಾಪಾರಿ ಅವನ ಪಕ್ಕದಲ್ಲಿ ಕೂತ. ಎದುರಾಳಿ ಕಾಲೆತ್ತಿದ. ಮೈದಾನವೇ ಕಿತ್ತುಹೋಗುವ ಹಾಗೆ ಕೂಗು ಎದ್ದಿತು. ಅದರೊಳಗೆ ಮುದುಕನ ಗಂಟಲು “ಎಡಾ” ಎಂದಿತು. ಗೋಲ್‌ಕೀಪರ್ ತಿರುಗಲಿಲ್ಲ, ಚೆಂಡಿನಿಂದ ಕಣ್ಣು ಕೀಳಲಿಲ್ಲ. ಎಡಕ್ಕೆ ಒಂದು ಹೆಜ್ಜೆ ಇಟ್ಟ. ಚೆಂಡು ಬಲಕ್ಕೆ ಬಂತು. ಅವನು ಬಲಕ್ಕೆ ಹೋಗಿ ಅದನ್ನು ಹಿಡಿದ.

ವ್ಯಾಪಾರಿ ಮುದುಕನ ಕಡೆ ತಿರುಗಿ, “ಯಜಮಾನ್ರೇ, ನೀವು ಎಡ ಅಂದ್ರಲ್ಲ?” ಎಂದು ಕೇಳಿದ.

“ಹೂಂ ಅಂದೆ” ಎಂದ ಮುದುಕ. “ಹಿಡಿದನಲ್ಲ.”

ಗುರುಗಳು ಕತೆಯನ್ನು ಅಲ್ಲಿಗೆ ಬಿಟ್ಟು ಇನ್ನೊಂದು ಎಲೆ ತೆಗೆದುಕೊಂಡರು.

ಮರುಳಯ್ಯ ಅವರಿಗೆ ಒಂದೊಂದೇ ಕಡ್ಡಿ ಎತ್ತಿ ಕೊಡುತ್ತಾ ಯೋಚಿಸಿದ. ಕತೆ ಅವನಿಗೆ ಹಿಡಿಸಿತ್ತು. ಆ ಗೋಲ್‌ಕೀಪರನ ಮೇಲೆ ಕನಿಕರವೂ ಬಂದಿತ್ತು. ಆದರೆ ತನ್ನ ಸಂಗತಿ ಬೇರೆ ಎಂದೇ ಅವನಿಗೆ ಅನ್ನಿಸುತ್ತಿತ್ತು. ಅವನನ್ನು ಕಾಡುತ್ತಿದ್ದ ಭಯವೂ ಇದ್ದಲ್ಲೇ ಇತ್ತು. ಕೊನೆಗೆ ತಡೆಯಲಾರದೆ ಹೇಳಿಯೇಬಿಟ್ಟ.

“ಆ ಮುದುಕನ ಮಾತು ಬಿಡಿ, ಬುದ್ಧೀ. ಅವನು ಏನೋ ಕಂಡದ್ದು ಕೂಗಿದ. ನೀವು ಈ ಹನ್ನೆರಡು ವರ್ಷ ನನಗೆ ಹೇಳಿದ್ದರಲ್ಲಿ ಒಂದೂ ತಪ್ಪಲಿಲ್ಲ.”

ಗುರುಗಳು ಹಚ್ಚಿ ಮುಗಿದ ಎಲೆಯನ್ನು ಬೆಳಕಿಗೆ ಹಿಡಿದು ತೂತಿದೆಯೇ ಎಂದು ನೋಡಿದರು. ಆಮೇಲೆ ಅದನ್ನು ಅವನ ಕೈಗೆ ಕೊಟ್ಟರು.

“ನೀನೂ ತಿರುಗಿ ನೋಡಿರಲಿಲ್ಲ, ಅಷ್ಟೇ.”