ಆನೆ ಮಂಡಿಯೂರಿದ್ದು ಯಾಕೆ

"ಗುರುಗಳೇ, ಎಲ್ಲ ಮಕ್ಕಳಿಗೂ ಒಂದೇ ಪಾಠ ಹೇಳುತ್ತೇನೆ. ಒಬ್ಬರ ತಲೆಗೆ ಹತ್ತುತ್ತದೆ, ಒಬ್ಬರಿಗೆ ಹತ್ತುವುದಿಲ್ಲ. ಯಾಕೆ?" ಎಂದು ಶಿಷ್ಯ ಕೇಳಿದ. ಅವನು ಮಠದ ಶಾಲೆಯಲ್ಲಿ ಮಕ್ಕಳಿಗೆ ಓದು ಬರಹ ಕಲಿಸುತ್ತಿದ್ದವನು.

"ಯಾರ ವಿಚಾರ ಹೇಳುತ್ತಿದ್ದೀಯಪ್ಪ?"

"ಸಂಕವ್ವನದು. ಕೈಕೆಲಸ ಹೇಳಿದರೆ ಬಲು ಚುರುಕು. ಪಾಠ ಕೇಳಿದರೆ ಪಿಳಿಪಿಳಿ ಕಣ್ಣು ಬಿಡುತ್ತಾಳೆ. ನಾಳೆಯಿಂದ ಬರಬೇಡ ಎಂದು ಹೇಳಿಬಿಡೋಣ ಅಂತಿದ್ದೇನೆ."

"ಹೇಳುವೆಯಂತೆ, ಅವಸರ ಏನಿದೆ? ಮೊದಲು ಇದೊಂದು ಕೇಳು" ಎಂದು ಗುರುಗಳು ಶುರುಮಾಡಿದರು.

ಒಂದು ಊರು. ಅಲ್ಲಿ ಒಬ್ಬ ಮಾಸ್ತರರು. ಕೆಟ್ಟವರೇನಲ್ಲ, ಕೋಲು ಮುಟ್ಟಿದವರಲ್ಲ, ಒಂದು ದಿನ ಶಾಲೆ ತಪ್ಪಿಸಿದವರಲ್ಲ. ಬೆಳಿಗ್ಗೆ ಗಂಟೆ ಬಾರಿಸಿದ ಕೂಡಲೇ ಒಂದು ಕತೆ ಹೇಳುವರು. ಅದೇ ಆ ದಿನದ ಪಾಠ.

ಅವರ ಶಾಲೆಗೆ ಮೆಟ್ಟು ಹೊಲಿಯುವವನ ಮಗಳು ಬಂದು ಸೇರಿದಳು. ಊರ ಹೊರಗಿನ ಆ ಕೇರಿಯಿಂದ ಶಾಲೆಗೆ ಬಂದವಳು ಅವಳೇ ಮೊದಲು. ಮೊದಲ ದಿನವೇ ಮಾಸ್ತರರು ಅವಳ ಕೈಗೆ ಕಸಬರಿಗೆ ಕೊಟ್ಟರು. "ಅಂಗಳ ಒಂದಿಷ್ಟು ಗುಡಿಸಿ ಬಂದುಬಿಡು ತಂಗಿ. ನಿಮಗೆ ರೂಢಿ ಇರುತ್ತದೆ" ಎಂದರು. ತಂಗಿ ಎಂದೇ ಕರೆದರು, ಅದನ್ನೂ ಹೇಳಬೇಕು. ಮಾರನೆಯ ದಿನ ಯಾರೂ ಹೇಳಬೇಕಾಗಲಿಲ್ಲ. ಅವಳೇ ಕಸಬರಿಗೆ ಹಿಡಿದಳು.

ಅಂಗಳ ದೊಡ್ಡದು, ಬೇವಿನ ಮರ ಎರಡು. ಗುಡಿಸಿ, ಕೈಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಕತೆ ಅರ್ಧ ಆಗಿರುತ್ತಿತ್ತು. ಹೀಗೇ ಮೂರು ವರ್ಷ. ಅವಳಿಗೆ ಎಲ್ಲ ಕತೆಗಳ ಕೊನೆ ಗೊತ್ತು, ಒಂದರ ಮೊದಲೂ ಗೊತ್ತಿಲ್ಲ. ಮಾಸ್ತರರನ್ನು ಕೇಳಲು ಅಂಜಿಕೆ. ಮಕ್ಕಳನ್ನು ಕೇಳೋಣವೆಂದರೆ ಪಕ್ಕದಲ್ಲಿ ಯಾರಾದರೂ ಕೂತರೆ ತಾನೇ! ಪಾಪ, ಅದಕ್ಕೇ ಮರುದಿನ ಗುಡಿಸುತ್ತ ಗುಡಿಸುತ್ತ ಹಿಂದಿನ ದಿನದ ಕತೆಗೆ ಮೊದಲನ್ನು ತಾನೇ ಕಟ್ಟಿಕೊಳ್ಳುತ್ತಿದ್ದಳು.

ಪರೀಕ್ಷೆಯ ದಿನ ಬಂತು. ಪಾಸಾದವರಿಗೆ ಪೇಟೆಯ ದೊಡ್ಡ ಶಾಲೆ; ಆಗದವರ ಓದು ಅಲ್ಲಿಗೇ ಮುಗಿಯಿತು. ಮಗಳು ಪೇಟೆಗೆ ನಡೆದು ಹೋಗಲೆಂದು ಅಪ್ಪ ಹೊಸ ಮೆಟ್ಟು ಹೊಲಿದು ಇಟ್ಟಿದ್ದ. ಪರೀಕ್ಷಕರು ಬಂದವರೇ ಅವಳನ್ನು ಎಬ್ಬಿಸಿ ನಿಲ್ಲಿಸಿ, ಪಾಠದ ಕತೆಯೊಂದನ್ನು ಹಿಡಿದು, "ಆನೆ ಕುಂಬಾರನ ಮನೆ ಮುಂದೆ ಮಂಡಿಯೂರಿದ್ದು ಯಾಕೆ?" ಎಂದು ಕೇಳಿದರು.

"ಆನೆಯ ಮರಿ ಸತ್ತುಹೋಗಿತ್ತು ರೀ" ಎಂದಳು ಹುಡುಗಿ. "ಕುಂಬಾರ ಮಣ್ಣಿನ ಮರಿಯಾನೆ ಮಾಡಿ ಬಾಗಿಲಲ್ಲಿ ಒಣಗಲು ಇಟ್ಟಿದ್ದ. ತಾಯಿ ಆನೆ ಅದನ್ನು ನೋಡಿತು. ಮರಿಗೆ ಹಾಲು ಕುಡಿಯಲು ಎಟುಕಲಿ ಅಂತ ಮಂಡಿಯೂರಿತು."

ಶಾಲೆಯೆಲ್ಲ ಗೊಳ್ಳೆಂದು ನಕ್ಕಿತು. ಪುಸ್ತಕದಲ್ಲಿ ಇದ್ದದ್ದೇ ಬೇರೆ. ಬೇಸಿಗೆಯಲ್ಲಿ ಕುಂಬಾರ ನೀರು ಕುಡಿಸಿದ್ದ, ಅದಕ್ಕೆ ಆನೆ ನಮಸ್ಕಾರ ಮಾಡಿತ್ತು. ಪರೀಕ್ಷಕರು ತಪ್ಪು ಎಂದು ಗೀಟು ಎಳೆದರು. ಮಾಸ್ತರರು ಪೇಚಾಡಿಕೊಂಡರು: "ಎಲ್ಲರಿಗೂ ಒಂದೇ ಪಾಠ ಹೇಳಿದ್ದೇನೆ. ಆ ತಲೆಗೆ ಹತ್ತದಿದ್ದರೆ ನಾನೇನು ಮಾಡಲಿ?"

ಪರೀಕ್ಷಕರು ಹೊರಡುವಾಗ ಅಂಗಳ ನೋಡಿ ತಲೆದೂಗಿದರು. ಇಷ್ಟು ಚೊಕ್ಕಟವಾದ ಶಾಲೆಯನ್ನು ಎಲ್ಲೂ ಕಂಡಿಲ್ಲವೆಂದು ಮಾಸ್ತರರಿಗೆ ಬರೆದುಕೊಟ್ಟು ಹೋದರು. ಹೊಸ ಮೆಟ್ಟು ಗೂಟದಲ್ಲೇ ಉಳಿಯಿತು. ಕಾಲು ಬೆಳೆದು, ಆಮೇಲೆ ಅದು ಅವಳಿಗೆ ಹಿಡಿಸಲೂ ಇಲ್ಲ.

ಗುರುಗಳು ಕತೆ ಮುಗಿಸಿದಾಗ ಶಿಷ್ಯನ ಕಣ್ಣು ತುಂಬಿತ್ತು.

"ಛೇ, ಎಂಥ ಅನ್ಯಾಯ! ಆ ಮಾಸ್ತರರಿಗೆ ಕಣ್ಣಿರಲಿಲ್ಲವೇ ಗುರುಗಳೇ? ದಿನಾ ಎದುರಿಗೇ ನಡೆಯುತ್ತಿತ್ತಲ್ಲ!"

ಶಾಲೆಯ ಗಂಟೆ ಬಾರಿಸುವ ಹೊತ್ತಾಗಿತ್ತು. ಹೊರಗೆ ಮಠದ ಅಂಗಳದಲ್ಲಿ ಯಾರೋ ಕಸ ಗುಡಿಸುತ್ತಿದ್ದ ಸದ್ದು ಕೇಳುತ್ತಿತ್ತು. ಶಿಷ್ಯ ತಲೆಯೆತ್ತಿ ಬಾಗಿಲ ಕಡೆ ನೋಡಿದ.

ಗುರುಗಳು ಅಂದರು: "ಏಳಪ್ಪ, ಹೋಗಿ ಸಂಕವ್ವನ ಕೈಯಿಂದ ಆ ಕಸಬರಿಗೆ ಇಸಿದುಕೋ."