ಊರಿನ ಫಲಕವೂ ಹರಿಗೋಲೂ

ಪೇಟೆಗೆ ಎರಡೇ ಮೈಲಿ ದೂರದಲ್ಲಿ, ಹೊಳೆಯ ದಂಡೆಗೆ ಅಂಟಿಕೊಂಡಂತೆ ಹೊಳೆಮಾವಿನಹಳ್ಳಿ ಎಂಬ ಪುಟ್ಟ ಊರಿತ್ತು. ದಿಣ್ಣೆಯ ಮೇಲಿನ ರಸ್ತೆಯಲ್ಲಿ ಅದರ ಫಲಕ ನಿಂತಿತ್ತು. ಹೋದ ವರ್ಷ 'ಜನಸಂಖ್ಯೆ ನೂರ ನಲವತ್ತೆರಡು' ಎಂದು ಬರೆಸಿಕೊಂಡಾಗಿನಿಂದ ಅದು ಬೀಗುತ್ತಲೇ ಇತ್ತು.

ಒಂದು ಮುಂಜಾನೆ ಹೊಳೆ ಉಕ್ಕಿ ಊರನ್ನು ಸುತ್ತುಗಟ್ಟಿತು. ಹರಿಗೋಲು ಗಂಗಮ್ಮತಾಯಿಯನ್ನು ನೆನೆದು, ಗಿರಗಿರನೆ ತಿರುಗುತ್ತ, ಜನರನ್ನು ದಿಣ್ಣೆಗೆ ತಂದು ತಂದು ಇಳಿಸಿತು. ಫಲಕ ಒಂದೊಂದೇ ತಲೆ ಎಣಿಸಿ ಕೊನೆಗೆ ಕೂಗಿತು: "ನೂರ ನಲವತ್ತೆರಡು! ಆಯಿತು! ಇನ್ನು ದಡ ಹತ್ತಿ ಮಲಗಯ್ಯಾ ಹರಿಗೋಲಪ್ಪ!"

"ನಿಂಗಜ್ಜಿಯ ಹೆಜ್ಜೆ ನನ್ನ ಮೇಲೆ ಬೀಳಲಿಲ್ಲವಲ್ಲ," ಎಂದಿತು ಹರಿಗೋಲು.

"ಲೆಕ್ಕ ಸರಿಯಾಗಿದೆ. ನೀನು ಎರಡಕ್ಷರ ಕಲಿತಿದ್ದರೆ ತಾನೆ ತಿಳಿಯುವುದು!"

"ಮೊನ್ನೆ ಹುಟ್ಟಿದ ಕೆಂಪವ್ವನ ಕೂಸನ್ನೂ ಎಣಿಸಿದೆಯಾ?"

"ಎಣಿಸದೆ ಬಿಡುವೆನೆ? ಅದೂ ನಮ್ಮೂರಿನದೇ."

"ನಿನ್ನ ಮೇಲೆ ಬರೆದಾಗ ಆ ಕೂಸು ಹುಟ್ಟಿತ್ತೇನಯ್ಯಾ?"

ಫಲಕ ಚೀರಿತು: "ಅಯ್ಯೋ, ಹಾಗಾದರೆ ಒಂದು ಜೀವ ಅಲ್ಲೇ ಉಳಿಯಿತು! ಓಡು ಮಾರಾಯಾ, ಓಡು!"

ಹರಿಗೋಲು ಆಗಲೇ ನಡುನೀರಿನಲ್ಲಿತ್ತು. ಜನರೆಲ್ಲ ದಿಣ್ಣೆಯ ಅಂಚಿಗೆ ಓಡಿಬಂದರು. ಅಟ್ಟ ಹತ್ತಿ ಕುಳಿತಿದ್ದ ನಿಂಗಜ್ಜಿಯನ್ನು ಹೊತ್ತು ಅದು ಮರಳಿದಾಗ ಎದ್ದ ಕೇಕೆ ಹೊಳೆಯ ಮೊರೆತವನ್ನೂ ಮೀರಿಸಿತು.

"ಎಷ್ಟು ಕೂಗಿದರೂ ಒಬ್ಬರಾದರೂ ಬಂದಿರೇನ್ರೋ!" ಎಂದು ಬಯ್ಯುತ್ತ ಅಜ್ಜಿ ದಡ ಹತ್ತಿ, ತೊಯ್ದ ಕಂಬಳಿಯನ್ನು ಫಲಕದ ಮೇಲೆ ಹರವಿದಳು. ಅಂಕಿಯೆಲ್ಲ ಮುಚ್ಚಿಹೋಯಿತು. ಫಲಕ ಕಂಬಳಿ ಜಾರದಂತೆ ನೆಟ್ಟಗೆ ನಿಂತಿತು.