ತಲೆಗೊಂದು ಮೂಟೆ

ಡಂಗುರದವನು ಬೀದಿ ಬೀದಿಯಲ್ಲಿ ಸಾರಿದ: ರಾಣಿ ಬಾಚಲದೇವಿಯ ಮೂರು ಒಗಟು ಬಿಡಿಸಿದವರು ಬೇಡಿದ್ದು ಪಡೆಯಲಿ, ತಪ್ಪಿದವರಿಗೆ ಅಮಾವಾಸ್ಯೆಯಂದು ತಲೆದಂಡ.

ರಾಣಿಯ ಒಬ್ಬನೇ ಮಗ ಹೊಳೆಯಾಚೆಯ ಗುರುಕುಲದಲ್ಲಿ ಜ್ವರ ಬಂದು ತೀರಿಕೊಂಡಿದ್ದ. ಸೋರುವ ಮಾಡು, ಅರೆಹೊಟ್ಟೆ ಊಟ. ಅಲ್ಲಿಗೇ ಕಳಿಸಿ ಎಂದಿದ್ದವನು ವಿದ್ಯಾಸಲಹೆಗಾರ ಪದ್ಮರಸ. ಮಕ್ಕಳನ್ನು ಎಲ್ಲಿ ಓದಿಸಲಿ ಎಂದು ಕೇಳಿ ಬರುವ ಹೆತ್ತವರಿಂದ ಬಿಡಿಗಾಸೂ ಮುಟ್ಟದವನೆಂದು ಹೆಸರಾದವನು. ಅಂಬಿಗ ದ್ಯಾವನ ತಮ್ಮ ಚೆನ್ನನೂ ಅವನನ್ನು ನಂಬಿ ಹೋಗಿ ಅದೇ ಜ್ವರಕ್ಕೆ ಬಲಿಯಾಗಿದ್ದ.

"ಕೇಳಿದವರಿಂದ ಏನೂ ಮುಟ್ಟದೆ ದಾರಿ ಹೇಳುವವನು ಉಣ್ಣುವುದು ಯಾರ ಮನೆಯಲ್ಲಿ?" ಎಂದು ರಾಣಿ ಮೊದಲ ಒಗಟು ಇಟ್ಟಳು. ಅಂಥವನಿಗೆ ದೇವರೇ ಉಣಿಸುತ್ತಾನೆ ಎಂದ ಆಸ್ಥಾನದ ಕವಿ. ಅಪ್ಪ ದುಡಿದಿಟ್ಟ ಮನೆಯಲ್ಲಿ ಎಂದ ಜವಳಿ ಸಾಹುಕಾರ. ಇಬ್ಬರನ್ನೂ ಸೆರೆಗೆ ಎಳೆದೊಯ್ದರು.

ದ್ಯಾವ ಮುಂದೆ ಬಂದ.

"ಏನೋ ಅಂಬಿಗ, ಕುತ್ತಿಗೆ ಭಾರವಾಯಿತೇ?" ಎಂದು ಪದ್ಮರಸ ಕೆಣಕಿದ.

"ದಾರಿ ಎಲ್ಲಿ ಮುಗಿಯುತ್ತೋ ಆ ಮನೆಯಲ್ಲಿ, ತಾಯಿ" ಎಂದ ದ್ಯಾವ. ಪದ್ಮರಸ ಕರೆದೊಯ್ದ ಮಕ್ಕಳನ್ನೆಲ್ಲ ಹೊಳೆ ದಾಟಿಸಿದವನು ಅವನೇ. ಹಿಂದಿರುಗುವಾಗ ಗುರುಕುಲದವರು ತಲೆಗೊಂದರಂತೆ ಅಕ್ಕಿಮೂಟೆಗಳನ್ನು ಪದ್ಮರಸನಿಗೆಂದು ದೋಣಿಗೆ ಹೇರುತ್ತಿದ್ದರು.

"ಒಂದೂ ಸುಳ್ಳಾಡದ ನಾಲಿಗೆ ಮೋಸ ಮಾಡಿತು. ಹೇಗೆ?" ಎಂದಳು ರಾಣಿ.

"ಗುರುಗಳು ದೊಡ್ಡ ಪಂಡಿತರು ಅಂತ ಹೇಳಿತು, ಅದು ನಿಜ. ಮೂಟೆ ಸಂಗತಿಗೆ ಸುಮ್ಮನಾಯಿತು. ಅಷ್ಟೇ ಸಾಕಾಯಿತು, ತಾಯಿ."

ರಾಣಿಯ ದನಿ ತಗ್ಗಿತು. "ನನ್ನ ಎದೆ ಮೇಲೊಂದು ಹೊರೆ ಇದೆ. ಇಟ್ಟುಕೊಂಡವಳು ನಾನೇ, ಇಳಿಸಲಾರೆ. ಏನದು?"

ದ್ಯಾವ ತನ್ನ ಹೆಗಲು ಮುಟ್ಟಿಕೊಂಡ. "ನಾವು ಕೇಳದೆ ಬಿಟ್ಟ ಮಾತು. ನಿನಗೆ ಕೂಲಿ ಕೊಡೋರು ಯಾರಪ್ಪಾ ಅಂತ ಪದ್ಮರಸನ್ನ ನೀವೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಚೆನ್ನನ್ನ ಬಿಟ್ಟು ಬಂದ ದಿನ ಅವನ ಪಾಲಿನ ಮೂಟೆಯನ್ನ ನಾನೇ ಹೆಗಲ ಮೇಲೆ ಹೊತ್ತು ಇಳಿಸಿದೆ."

ರಾಣಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪದ್ಮರಸನಿಗೆ ಗಡಿಪಾರಾಯಿತು. ದ್ಯಾವ ಬೇಡಿದ್ದು ಸೆರೆಯಲ್ಲಿದ್ದ ಇಬ್ಬರ ಪ್ರಾಣ. ಅದನ್ನು ಕೊಟ್ಟು, ಪದ್ಮರಸನ ಪೀಠದಲ್ಲೂ ಅವನನ್ನೇ ಕೂರಿಸಿ, ಇವನ ಸಂಬಳ ಅರಮನೆಯದು ಎಂದು ರಾಣಿ ಊರಿಗೆಲ್ಲ ಸಾರಿಸಿದಳು.

ಮೊದಲ ದಿನವೇ ಒಬ್ಬ ಕುಂಬಾರಗಿತ್ತಿ ಮಗನ ಕೈ ಹಿಡಿದು ಬಂದಳು. "ಅವ್ವಾ, ನನಗೆ ಅನ್ನ ಹಾಕೋದು ಅರಮನೆ, ಯಾವ ಗುರುಕುಲವೂ ಅಲ್ಲ" ಎಂದು ದ್ಯಾವ ಅವಳು ಕೇಳುವ ಮೊದಲೇ ಹೇಳಿದ. ಹಾಗಾದರೆ ಇವನನ್ನು ಎಲ್ಲಿಗೆ ಕಳಿಸಲಪ್ಪಾ ಎಂದಳು ಅವಳು. ಹುಡುಗನಿಗೆ ಚೆನ್ನನದೇ ವಯಸ್ಸು. ದ್ಯಾವ ಅವನ ತಲೆ ನೇವರಿಸುತ್ತ ಕೂತ. ಎಷ್ಟು ಹೊತ್ತಾದರೂ ಅವನ ಬಾಯಿಂದ ಒಂದು ಊರಿನ ಹೆಸರೂ ಹೊರಡಲಿಲ್ಲ.